ನಕ್ಷೆಯೂ ಅಂಕಿತವೂ: ಬೆಂಗಳೂರಿನ ‘ಧ್ರುವ’ ಸಂಸ್ಥೆಯ ಕೃತಿವಿಚಾರ

ಕಾಶಿಯ ಮದನಪುರ, ಅಲಈಪುರಗಳ ಓಣಿಗಳಲ್ಲಿ ಮಗ್ಗದ ಸದ್ದನ್ನು ಕೇಳುತ್ತ ನಡೆಯುವ ಯಾತ್ರಿಕರಿಗೆ ಒಂದು ಸಂಗತಿ ಬೇಗನೆ ಹೊಳೆಯುವುದಿಲ್ಲ. ಜರಿಯ ಸೀರೆಯ ಮೇಲಣ ಹೂಬಳ್ಳಿಯನ್ನು ಕಲ್ಪಿಸಿದವನು ಬೇರೆ, ಅದನ್ನು ನೇಯ್ದವನು ಬೇರೆ, ಅದು ಯಾರ ಹೆಸರಿನಿಂದ ಮಾರಾಟವಾಗುವುದೋ ಅವನು ಇನ್ನೂ ಬೇರೆ. ಕಲ್ಪಿಸುವವನಿಗೆ ಇಲ್ಲಿ ನಕ್ಷಾಬಂದ್ ಎಂದು ಹೆಸರು. ಹಳೆಯ ಕ್ರಮದಲ್ಲಿ ಅವನು ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆದು, ಅನಂತರ ಬಿಗಿದು ಕಟ್ಟಿದ ನೂಲುಗಳಲ್ಲಿ ಅದನ್ನೇ ಹೆಣೆಯುತ್ತಿದ್ದನು. ಹಾಸಿನ ಯಾವ ಎಳೆ ಯಾವಾಗ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬ ಆಜ್ಞೆಯೆಲ್ಲವೂ ಆ ನೂಲಿನ ನಕ್ಷೆಯಲ್ಲಿ ಅಡಗಿರುತ್ತಿತ್ತು. ಒಂದು ನಕ್ಷೆ ಸಿದ್ಧವಾಯಿತೆಂದರೆ ಅದರಿಂದ ಹತ್ತು ಮಗ್ಗಗಳಲ್ಲಿ ಅದೇ ಹೂವು ಅರಳಬಹುದು. ಕಾಲಾಂತರದಲ್ಲಿ ನೂಲಿನ ನಕ್ಷೆಯ ಸ್ಥಾನವನ್ನು ರಂಧ್ರ ಕೊರೆದ ರಟ್ಟಿನ ಪಟ್ಟಿಗಳು ಹಿಡಿದವು; ೧೮೦೪ರ ಸುಮಾರಿನಲ್ಲಿ ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡ್ ರೂಪಿಸಿದ ಯಂತ್ರವು ಕಾಶಿಗೂ ಬಂದಿತು. ಆ ರಟ್ಟಿನ ಪಟ್ಟಿಗಳನ್ನು ಕಂಡೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರಕ್ಕೆ ಆಜ್ಞೆ ಕೊಡುವ ಬಗೆಯನ್ನು ಯೋಚಿಸಿದನು. ಆದಕಾರಣ ಮಗ್ಗಕ್ಕೂ ಕಂಪ್ಯೂಟರಿಗೂ ಇರುವ ನಂಟನ್ನು ಉಪಮೆಯೆಂದು ತಳ್ಳಿಹಾಕುವಂತಿಲ್ಲ, ಅದೊಂದು ವಂಶಾವಳಿ.

ಸೀರೆಯ ಸೆರಗಿನಲ್ಲಿ ನಕ್ಷಾಬಂದನ ಹೆಸರು ಇರುವುದಿಲ್ಲ. ಕುಂಜ್ ಗಲಿಯಲ್ಲಿ ಕೊಳ್ಳಲು ಬಂದವರು ಕೇಳುವುದು ಗದ್ದಿಯ ಹೆಸರನ್ನು. ಇದೇ ಊರಿನ ನೇಕಾರ ಕಬೀರನು ತನ್ನ ಪದಗಳಲ್ಲಿ ಹೆಸರನ್ನು ಮರೆಯದೆ ಇರಿಸಿದನು. ಅವನು ನೇಯ್ದ ಬಟ್ಟೆಯನ್ನು ಉಟ್ಟವರು ಯಾರೋ, ಅದು ಯಾವ ಅಂಗಡಿಯಿಂದ ಹೋಯಿತೋ, ಲೋಕಕ್ಕೆ ಬೇಕಾಗಲಿಲ್ಲ. ಹೆಸರಿಲ್ಲದ ಕೈಕೆಲಸವನ್ನು ವಿಮರ್ಶೆ ಹೇಗೆ ಅಳೆಯಬೇಕು ಎಂಬ ಪ್ರಶ್ನೆ ಹೀಗೆ ಕಾಶಿಯಲ್ಲಿ ಹಳೆಯದು. ಅದೇ ಪ್ರಶ್ನೆಯನ್ನು ಕನ್ನಡನಾಡಿನ ಒಂದು ಹೊಸ ಕಸುಬಿಗೆ ಹಾಕಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಬೆಂಗಳೂರಿನಲ್ಲಿ ೧೯೯೭ರಿಂದ ೨೦೧೯ರವರೆಗೆ ಬಾಳಿದ ‘ಧ್ರುವ ಇಂಟರಾಕ್ಟಿವ್’ ಎಂಬ ವಿಡಿಯೋ ಆಟಗಳ ಸಂಸ್ಥೆಯೂ ಅದರ ಕೃತಿಗಳೂ ಇಲ್ಲಿನ ವಿಷಯ.

ಧ್ರುವಕ್ಕೆ ಹೋಗುವ ಮೊದಲು ಜಪಾನಿನ ಕ್ಯೋಟೋ ನಗರವನ್ನು ಹಾದುಹೋಗುವುದು ಲೇಸು. ಕಾಶಿಗೂ ಕ್ಯೋಟೋ ನಗರಕ್ಕೂ ೨೦೧೪ರ ಆಗಸ್ಟ್ ತಿಂಗಳಲ್ಲಿ ಸಹನಗರಗಳ ಒಪ್ಪಂದವಾಯಿತು. ಎರಡೂ ಪುರಾತನ ಕ್ಷೇತ್ರಗಳು, ಎರಡರಲ್ಲಿಯೂ ಗುಡಿಗಳು ಅಸಂಖ್ಯಾತ ಎಂದು ಆಗ ಭಾಷಣಗಳಾದವು. ಎರಡೂ ಜರಿಪಟ್ಟೆಯ ನೇಯ್ಗೆಯ ಊರುಗಳೆಂಬ ಸಾಮ್ಯವು ಇವಕ್ಕಿಂತ ಬೆಲೆಯುಳ್ಳದ್ದು. ಕ್ಯೋಟೋದ ನಿಷಿಜಿನ್ ಕೇರಿಯ ನೇಕಾರರು ೧೮೭೨ರಲ್ಲಿ ತಮ್ಮವರು ಮೂವರನ್ನು ಲಿಯೋನಿಗೆ ಕಳುಹಿಸಿ ಜಕಾರ್ಡ್ ಯಂತ್ರದ ವಿದ್ಯೆಯನ್ನು ತರಿಸಿಕೊಂಡರು. ಆ ನಗರದಲ್ಲಿಯೇ ೧೮೮೯ರಲ್ಲಿ ಹೂವಿನ ಚಿತ್ರದ ಇಸ್ಪೀಟು ಎಲೆಗಳನ್ನು ಮಾಡುವ ಒಂದು ಅಂಗಡಿ ಹುಟ್ಟಿತು; ಅದೇ ಮುಂದೆ ನಿಂಟೆಂಡೋ ಎಂಬ ಜಗತ್ಪ್ರಸಿದ್ಧ ಸಂಸ್ಥೆಯಾಯಿತು. ನಿಂಟೆಂಡೋವಿನ ಹೆಸರನ್ನು ಕೇಳದ ಮಕ್ಕಳಿಲ್ಲ. ಆದರೆ ಅದೇ ಊರಿನ ‘ತೋಸೆ’ ಎಂಬ ಸಂಸ್ಥೆಯ ಹೆಸರನ್ನು ಕೇಳಿದ ದೊಡ್ಡವರೂ ವಿರಳ. ಕನ್ನಡಿಗರ ಕಿವಿಗೆ ಬೆಳಗಿನ ತಿಂಡಿಯ ನೆನಪನ್ನು ತರುವ ಈ ಹೆಸರಿನ ಸಂಸ್ಥೆ ೧೯೭೯ರಲ್ಲಿ ಆರಂಭವಾದದ್ದು. ಅನ್ಯರಿಗಾಗಿ, ಅನ್ಯರ ಹೆಸರಿನಲ್ಲಿ ಆಟಗಳನ್ನು ಮಾಡಿಕೊಡುವುದೇ ಅದರ ವೃತ್ತಿ. ‘ಡ್ರ್ಯಾಗನ್ ಕ್ವೆಸ್ಟ್ ಮಾನ್‌ಸ್ಟರ್ಸ್’ (೧೯೯೮), ‘ಸೂಪರ್ ಪ್ರಿನ್ಸೆಸ್ ಪೀಚ್’ (೨೦೦೫) ಮುಂತಾದ ಎಷ್ಟೋ ಆಟಗಳು ಅದರ ಕೈಯಿಂದ ಬಂದವು. ಆಡಿದವರ ನೆನಪಿನಲ್ಲಿ ಉಳಿದದ್ದು ಪ್ರಕಾಶಕರ ಹೆಸರು. ತಮಗೆ ಸ್ವಂತ ದರ್ಶನವಿಲ್ಲ, ಗ್ರಾಹಕರ ದರ್ಶನವೇ ತಮ್ಮದು ಎಂಬ ಅರ್ಥದ ಮಾತನ್ನು ಅದರ ಅಧಿಕಾರಿಯೊಬ್ಬರು ಬಹಿರಂಗವಾಗಿ ಆಡಿದ್ದುಂಟು. ವ್ಯಾಪಾರದಲ್ಲಿ ಇಂತಹ ವೈರಾಗ್ಯ ಅಪರೂಪ.

ತೋಸೆಯ ಈ ಪರೋಕ್ಷವೃತ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಧ್ರುವದ ಕಥೆ ಚೆನ್ನಾಗಿ ತಿಳಿಯುತ್ತದೆ. ಎರಡೂ ಪರರಿಗಾಗಿ ದುಡಿದ ಸಂಸ್ಥೆಗಳು. ಒಂದು ತಾನೇ ಬಯಸಿ ತೆರೆಯ ಹಿಂದೆ ನಿಂತಿತು; ಇನ್ನೊಂದು ರಂಗಕ್ಕೆ ಬರಬೇಕೆಂದು ಹೊರಟು ತೆರೆಯ ಹಿಂದಕ್ಕೆ ಸರಿಯಿತು.

ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಧ್ರುವವನ್ನು ಸ್ಥಾಪಿಸಿದಾಗ ಭಾರತದಲ್ಲಿ ವಿಡಿಯೋ ಆಟಗಳ ನಿರ್ಮಾಣವೆಂಬ ಕಸುಬೇ ಇರಲಿಲ್ಲವೆಂದರೆ ಸಲ್ಲುತ್ತದೆ. ಆ ಕಸುಬನ್ನೇ ಪೂರ್ಣವೃತ್ತಿಯಾಗಿ ಹಿಡಿದವುಗಳಲ್ಲಿ ಇದನ್ನು ಮೊದಲನೆಯದೆಂದು ಎಣಿಸುವುದು ರೂಢಿ. ಆರಂಭದ ದೊಡ್ಡ ಪ್ರಯತ್ನವೆಂದರೆ ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಗಾಗಿ ‘ಮಿಷನ್ ಇಂಪಾಸಿಬಲ್’ ಆಟದ ಕಂಪ್ಯೂಟರ್ ರೂಪವನ್ನು ಸಿದ್ಧಪಡಿಸಲು ಹೊರಟದ್ದು. ಆ ರೂಪ ಹೊರಗೆ ಬರಲೇ ಇಲ್ಲ. ಹೊಸದಾಗಿ ಕಟ್ಟಿದ ತಂಡವೊಂದಕ್ಕೆ ಇಂತಹ ಪೆಟ್ಟು ಸಣ್ಣದಲ್ಲ. ಮನೆಯಲ್ಲಿ ಮಾರುಕಟ್ಟೆಯಿಲ್ಲ, ಆಟದ ಯಂತ್ರಗಳು ಆಗ ಭಾರತದ ಕೆಲವೇ ಮನೆಗಳಲ್ಲಿ ಇದ್ದವು. ಹೊರಗಿನವರು ಇಡೀ ಆಟವನ್ನು ನಂಬಿ ಒಪ್ಪಿಸಲಾರರು. ಉಳಿದ ದಾರಿ ಒಂದೇ: ಆಟದ ಅಂಗಾಂಗಗಳನ್ನು ಮಾಡಿಕೊಡುವುದು. ವಾಹನಗಳು, ಕಟ್ಟಡಗಳು, ಮರಗಿಡಗಳು, ಆಯುಧಗಳು, ಪಾತ್ರಗಳ ಮೈಕಟ್ಟು. ಹೀಗೆ ಧ್ರುವವು ಕಾಲಕ್ರಮದಲ್ಲಿ ಚಿತ್ರಕರ್ಮದ ಕಾರ್ಯಾಗಾರವಾಯಿತು. ಮೈಕ್ರೋಸಾಫ್ಟಿನ ‘ಫೋರ್ಜಾ’ ಎಂಬ ಮೋಟಾರು ಪಂದ್ಯದ ಮಾಲೆ, ಇಂಗ್ಲೆಂಡಿನ ರೇರ್ ಸಂಸ್ಥೆಯ ‘ಸೀ ಆಫ್ ಥೀವ್ಸ್’ (೨೦೧೮), ಅಮೆರಿಕದ ಬೆಂಡ್ ಸ್ಟುಡಿಯೋದ ‘ಡೇಸ್ ಗಾನ್’ (೨೦೧೯) ಇವು ಅದರ ಕೈವಾಡವಿರುವ ಆಟಗಳಲ್ಲಿ ಮುಖ್ಯವಾದವು.

ಈ ಕೆಲಸದ ರೀತಿಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ವಿಮರ್ಶೆಗೆ ಹಿಡಿಯಲು ಸಿಕ್ಕುವ ಕೊಂಬೆ ಇಲ್ಲಿಯೇ ಇದೆ. ಪಂದ್ಯದ ಆಟಕ್ಕೊಂದು ಕಾರು ಬೇಕೆನ್ನೋಣ. ಗ್ರಾಹಕರಿಂದ ಆ ಕಾರಿನ ನೂರಾರು ಛಾಯಾಚಿತ್ರಗಳೂ ಅಳತೆಗಳೂ ಬರುತ್ತವೆ. ಎಷ್ಟು ತ್ರಿಕೋನಗಳೊಳಗೆ ಆಕೃತಿಯನ್ನು ಮುಗಿಸಬೇಕೆಂಬ ಕಟ್ಟಳೆಯೂ ಬರುತ್ತದೆ. ಪರದೆಯ ಮೇಲೆ ಕಾಣುವ ಯಾವ ಘನವಸ್ತುವೂ ಸೂಕ್ಷ್ಮವಾದ ತ್ರಿಕೋನಗಳ ಜೋಡಣೆಯೇ. ಹೆಚ್ಚು ತ್ರಿಕೋನಗಳಿದ್ದರೆ ರೂಪ ನುಣುಪು, ಯಂತ್ರಕ್ಕೆ ಭಾರ. ಕಡಿಮೆಯಾದರೆ ಯಂತ್ರ ಹಗುರ, ರೂಪ ಒರಟು. ಶಿಲ್ಪಿಯ ಜಾಣ್ಮೆ ಈ ಜಿಪುಣತನದಲ್ಲಿದೆ. ಚಕ್ರದ ಬಾಗಿಗೆ ಧಾರಾಳಿಯಾಗಿ, ಯಾರೂ ನೋಡದ ತಳಭಾಗಕ್ಕೆ ಕೈ ಬಿಗಿಹಿಡಿದು ಅವನು ವ್ಯಯಮಾಡಬೇಕು. ಅದೇ ಕಾರನ್ನು ದೂರಕ್ಕೆ, ಮತ್ತೂ ದೂರಕ್ಕೆ ಎಂದು ಹಂತಹಂತವಾಗಿ ಸರಳಗೊಳಿಸಿದ ಪ್ರತಿರೂಪಗಳನ್ನೂ ಮಾಡಬೇಕು. ಆಡುವವನು ಹತ್ತಿರ ಬಂದಂತೆ ಒಂದು ರೂಪ ಅಡಗಿ ಇನ್ನೊಂದು ಕಾಣಿಸಿಕೊಳ್ಳುತ್ತದೆ. ಬದಲಾವಣೆ ಕಣ್ಣಿಗೆ ಬಿದ್ದರೆ ಕೆಲಸ ಕೆಟ್ಟಿತು. ಅನಂತರ ಬಣ್ಣ, ಲೋಹದ ಹೊಳಪು, ಗಾಜಿನ ಪಾರದರ್ಶಕತೆ, ಆಸನದ ಚರ್ಮದ ಹೊಲಿಗೆ. ಸಿದ್ಧವಾದುದನ್ನು ಗ್ರಾಹಕರು ನೋಡಿ ತಿದ್ದುಪಡಿಗಳನ್ನು ಬರೆದು ಕಳುಹಿಸುವರು. ಮತ್ತೆ ತಿದ್ದಬೇಕು, ಮತ್ತೆ ಕಳುಹಿಸಬೇಕು. ಕಟ್ಟಕಡೆಗೆ ಆ ಕಾರಿನ ನಕ್ಷೆ, ಅಂದರೆ ಅದರ ಗಣಕರೂಪದ ಮೂಲಪ್ರತಿ, ಸಮುದ್ರದಾಚೆಯವರ ಸ್ವತ್ತಾಗುತ್ತದೆ. ಗೋಪ್ಯದ ಕರಾರಿನಂತೆ, ಮಾಡಿದವನು ತಾನು ಮಾಡಿದೆನೆಂದು ಹೇಳಿಕೊಳ್ಳುವುದಕ್ಕೂ ಕಾಯಬೇಕಾಗುತ್ತದೆ.

ಇಂತಹ ಕೃತಿಯ ಗುಣವೇನು? ಮೊದಲನೆಯದಾಗಿ, ಇದು ಅನುಕರಣವೆಂದು ಮೂಗು ಮುರಿಯುವುದು ಅನ್ಯಾಯ. ‘ಫೋರ್ಜಾ’ದ ಕಾರುಗಳಲ್ಲಿ ಬೆಳಕು ಬಾನೆಟ್ಟಿನ ಮೇಲೆ ಜಾರುವ ರೀತಿಯನ್ನು ಗಮನಿಸಿದವರು, ಅಲ್ಲಿ ಲೋಹದ ಸ್ವಭಾವವನ್ನು ಬಲ್ಲ ಕಣ್ಣುಗಳು ದುಡಿದಿವೆಯೆಂದು ಒಪ್ಪುವರು. ಆ ಕಣ್ಣುಗಳಲ್ಲಿ ಬೆಂಗಳೂರಿನವೂ ಸೇರಿದ್ದವು. ‘ಸೀ ಆಫ್ ಥೀವ್ಸ್’ ಆಟದ ಕಡಲುಗಳ್ಳರ ಲೋಕಕ್ಕೆ ಬೇಕಾದದ್ದು ಇದಕ್ಕೆ ವಿರುದ್ಧವಾದ ಕೌಶಲ: ಅಲ್ಲಿ ಮರದ ಹಲಗೆಯೂ ಪೀಪಾಯಿಯೂ ಕುಂಚದಿಂದ ಬಳಿದಂತೆ ಸೊಟ್ಟಗೆ, ವಿನೋದವಾಗಿ ಇರಬೇಕು. ‘ಡೇಸ್ ಗಾನ್’ ಆಟದಲ್ಲಿ ಆರಿಗನ್ ಸೀಮೆಯ ಮಳೆಯಲ್ಲಿ ನೆನೆದು ತುಕ್ಕುಹಿಡಿದ ಲೋಕವಿದೆ. ಒಂದೇ ಮನೆಯವರು ಈ ಮೂರು ಶೈಲಿಗಳಿಗೂ ಕೈಯನ್ನು ಒಗ್ಗಿಸಿಕೊಂಡರೆಂಬುದು ಅವರ ಶಿಕ್ಷಣದ ಘನತೆಗೆ ಸಾಕ್ಷಿ. ಪರಕಾಯಪ್ರವೇಶವೆಂದು ಆಲಂಕಾರಿಕರು ಕವಿಯ ವಿಷಯದಲ್ಲಿ ಹೊಗಳುವ ಗುಣವನ್ನು ಈ ಕುಶಲಿಗಳಲ್ಲಿ ಕಂಡಾಗ ಕೂಲಿಕೆಲಸವೆಂದು ತಳ್ಳುವುದು ಸರಿಯಲ್ಲ.

ಆದರೆ ಇದರ ಜೊತೆಗೇ ಹೇಳಬೇಕಾದ ಮಾತು ಇನ್ನೊಂದಿದೆ. ಇಪ್ಪತ್ತೆರಡು ವರ್ಷಗಳ ಈ ಪ್ರಮುಖ ಕೃತಿಗಳ ಸಾಲಿನಲ್ಲಿ ಬೆಂಗಳೂರಿನ ಒಂದು ಬೀದಿಯಿಲ್ಲ, ಕನ್ನಡನಾಡಿನ ಒಂದು ಕಥೆಯಿಲ್ಲ. ಅಂಗಗಳನ್ನು ಎಷ್ಟು ಚೆನ್ನಾಗಿ ಕಡೆದರೂ ಆಟದ ಅಂಗಿಯಾದ ರಸವನ್ನು ನಿರ್ಣಯಿಸುವವರು ಬೇರೆ ಕಡೆ ಇದ್ದರು.

ಹೆಸರಿನ ಹಂಬಲ ಬರಿಯ ಅಭಿಮಾನವೆಂದು ಯಾರಾದರೂ ಆಕ್ಷೇಪಿಸಬಹುದು. ಹೊರನಾಡ ಕನ್ನಡಿಗರಿಗೆ ಈ ಅಭಿಮಾನ ತುಸು ಹೆಚ್ಚೇ. ಕಾಶಿಗೆ ಬಂದ ನೆಂಟರಿಗೆ ಹನುಮಾನ್ ಘಾಟಿನ ಬಳಿ ಮೈಸೂರಿನ ಹೆಸರಿನ ಘಾಟನ್ನು ತೋರಿಸದೆ, ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಗಳು ನಾಲ್ವಡಿ ಕೃಷ್ಣರಾಜ ಒಡೆಯರೆಂದು ಹೇಳದೆ ಇಲ್ಲಿಯ ಕನ್ನಡಿಗರಿಗೆ ಸಮಾಧಾನವಿಲ್ಲ. ಆದ್ದರಿಂದ ಕನ್ನಡದ ಕುಶಲಿಗಳು ಹೆಸರಿನ ವಿಷಯದಲ್ಲಿ ಹಿಂದೆ ಹೇಗೆ ನಡೆದುಕೊಂಡರೆಂದು ನೋಡುವುದು ಯುಕ್ತ. ಅಲ್ಲಿ ಎರಡು ದಾರಿಗಳು ಕಾಣುತ್ತವೆ. ನೇಕಾರನಾಗಿದ್ದ ಜೇಡರ ದಾಸಿಮಯ್ಯನು ತನ್ನ ವಚನಗಳಿಗೆ ರಾಮನಾಥನ ಅಂಕಿತವನ್ನಿಟ್ಟನು. ಸ್ವಂತ ಹೆಸರನ್ನು ಬಿಟ್ಟುಕೊಟ್ಟದ್ದು ಇಲ್ಲಿ ಅರ್ಪಣೆ. ಅರ್ಪಿಸಿದವನು ಯಾರೆಂದು ನಾಡು ಮರೆಯಲಿಲ್ಲ. ಹೊಯ್ಸಳ ಶಿಲ್ಪಿಗಳದು ಇನ್ನೊಂದು ದಾರಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರುಗಳನ್ನು ಕೆತ್ತಿದರು. ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳನ್ನೂ ಸೇರಿಸಿದರು. ಅಮೃತಾಪುರದಲ್ಲಿ ೧೧೯೬ರ ಹೊತ್ತಿಗೆ ಕಾಣಿಸಿಕೊಳ್ಳುವ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿಯೂ ದೊರೆಯುತ್ತದೆ. ಗುಡಿಯನ್ನು ಕಟ್ಟಿಸಿದವನು ದಂಡನಾಯಕ ಸೋಮನಾಥನೆಂದು ಶಾಸನ ಸಾರಿದರೂ ವಿಗ್ರಹದ ಅಡಿಯಲ್ಲಿ ಮಲ್ಲಿತಮ್ಮನಿದ್ದಾನೆ. ಕಟ್ಟಿಸಿದವನ ಕೀರ್ತಿಗೆ ಅದರಿಂದ ಕುಂದು ಬಂದಂತಿಲ್ಲ.

ಇಲ್ಲಿ ವಿಧಿಯ ವ್ಯಂಗ್ಯವೊಂದನ್ನು ಹೇಳದಿರಲಾಗದು. ೨೦೧೭ರಲ್ಲಿ ಕ್ಯಾಲಿಫೋರ್ನಿಯದ ನಾಟಿ ಡಾಗ್ ಸಂಸ್ಥೆಯು ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ಆಟವನ್ನು ಹೊರತಂದಿತು. ಅದರ ರಂಗಸ್ಥಳ ಪಶ್ಚಿಮ ಘಟ್ಟಗಳು; ನಾಯಕಿ ಹುಡುಕುವುದು ಹೊಯ್ಸಳರ ಕಾಲದ ಗಣೇಶನ ದಂತವನ್ನು; ಬೇಲೂರು, ಹಳೇಬೀಡುಗಳ ಹೆಸರುಗಳೂ ಅಲ್ಲಿ ಕೇಳಿಬರುತ್ತವೆ. ಆಟ ಸುಂದರವಾಗಿದೆ. ಆದರೆ ಅದರ ಹಳೇಬೀಡು ಬಂಡೆಗಳ ನಡುವೆ ಗುಡ್ಡದಷ್ಟು ಎತ್ತರದ ವಿಗ್ರಹಗಳ ನಗರ. ಹೊಯ್ಸಳ ಶಿಲ್ಪದ ಪ್ರಾಣವಿರುವುದು ಅಂಗುಲದಲ್ಲಿ. ಬಳಪದ ಕಲ್ಲಿನಲ್ಲಿ ಬೆರಳನ್ನಿಟ್ಟು ನೋಡಬೇಕಾದ ಸೂಕ್ಷ್ಮದಲ್ಲಿ. ಅದನ್ನು ಭೀಮಗಾತ್ರಕ್ಕೆ ಹಿಗ್ಗಿಸಿದ ಕೂಡಲೇ ಅದು ಮತ್ತೇನೋ ಆಗುತ್ತದೆ. ಹಾಸನದ ಬಯಲುಸೀಮೆಗೆ ಸೇರಿದ ಊರನ್ನು ಮಳೆಕಾಡಿನ ಜಲಪಾತಗಳ ನಡುವೆ ಇಟ್ಟದ್ದನ್ನು ಕವಿಸಮಯವೆಂದು ಕ್ಷಮಿಸಬಹುದು. ಗಾತ್ರದ ತಪ್ಪನ್ನು ಕ್ಷಮಿಸುವುದು ಕಷ್ಟ. ಹೊಯ್ಸಳರ ನಾಡಿನ ಚಿತ್ರವನ್ನು ಕ್ಯಾಲಿಫೋರ್ನಿಯದವರು ಕಡೆಯುತ್ತಿದ್ದ ಆ ವರ್ಷಗಳಲ್ಲಿಯೇ ಬೇಲೂರಿಗೆ ಅರ್ಧ ದಿನದ ಪಯಣದಲ್ಲಿದ್ದ ಬೆಂಗಳೂರಿನ ಕುಶಲಿಗಳು ಕಡಲುಗಳ್ಳರ ಲೋಕಕ್ಕೂ ಆರಿಗನ್ನಿನ ಕಾಡಿಗೂ ದುಡಿಯುತ್ತಿದ್ದರು.

ಧ್ರುವಕ್ಕೆ ಸ್ವಂತ ಕೃತಿಯ ಆಸೆ ಇರಲಿಲ್ಲವೆಂದಲ್ಲ. ೨೦೦೫ರಲ್ಲಿ ಪ್ರಕಟವಾಗಿ ಲೋಕವೆಲ್ಲ ಓದಿದ ಥಾಮಸ್ ಫ್ರೀಡ್ಮನ್ನರ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಗ್ರಂಥದಲ್ಲಿ ರಾಜೇಶ್ ರಾವ್ ಅವರ ಪ್ರಸಂಗ ವಿಸ್ತಾರವಾಗಿ ಬರುತ್ತದೆ. ಮೊಬೈಲು ಆಟಗಳಲ್ಲಿ ಚಾರ್ಲಿ ಚಾಪ್ಲಿನನ ರೂಪವನ್ನು ಬಳಸುವ ಹಕ್ಕನ್ನು ಬೆಂಗಳೂರಿನ ಈ ಸಣ್ಣ ಸಂಸ್ಥೆ ಕೊಂಡದ್ದನ್ನು ಆ ಗ್ರಂಥಕರ್ತರು ಸಂಭ್ರಮದಿಂದ ಹೇಳುವರು. ಸಂಭ್ರಮಕ್ಕೆ ಕಾರಣವಿತ್ತು, ಸಾಹಸವಂತೂ ಹೌದು. ಆದರೂ ವಿಮರ್ಶಕರು ಒಂದು ಕ್ಷಣ ನಿಲ್ಲಬೇಕಾದ ಸ್ಥಳವಿದು. ತನ್ನದೇ ರಂಗವನ್ನು ಕಟ್ಟಿಕೊಳ್ಳುವ ಅವಕಾಶ ಬಂದಾಗ ಧ್ರುವವು ಆರಿಸಿಕೊಂಡದ್ದು ಅನ್ಯರು ಪ್ರಸಿದ್ಧಗೊಳಿಸಿದ ಮುಖವನ್ನು. ನಕ್ಷೆ ಇಲ್ಲಿಯೂ ಎರವಲು.

ತೋಸೆಯ ನಡೆ ಇದಕ್ಕೆ ವಿಲೋಮ. ತೆರೆಯ ಹಿಂದೆಯೇ ಇರುವೆನೆಂದು ಸಾರಿದ ಆ ಸಂಸ್ಥೆ ಒಂದು ಸಲ ಮಾತ್ರ ಗಟ್ಟಿಯಾಗಿ ಕೈಯೂರಿತು. ೨೦೦೨ರಲ್ಲಿ ಜಪಾನಿನಲ್ಲಿ ಹೊರಬಂದ ‘ಸ್ಟಾಫಿ’ ಎಂಬ ಆಟವು ಆಕಾಶದ ಅರಮನೆಯಿಂದ ಕಡಲಿಗೆ ಬಿದ್ದ ನಕ್ಷತ್ರಕುಮಾರನೊಬ್ಬನ ಕಥೆ. ಅವನು ಯುದ್ಧವೀರನಲ್ಲ, ನೀರಿನಲ್ಲಿ ತೇಲುವುದು, ತಿರುಗುವುದು, ಅಳುವುದು, ಮತ್ತೆ ಈಜುವುದು ಅವನ ಪರಾಕ್ರಮ. ಮಕ್ಕಳಿಗೆಂದೇ ಮಾಡಿದ ಈ ಮೃದುವಾದ ಆಟದ ಹಕ್ಕಿನ ಪುಟದಲ್ಲಿ ನಿಂಟೆಂಡೋವಿನ ಪಕ್ಕದಲ್ಲಿ ತೋಸೆಯ ಹೆಸರೂ ಇದೆ. ಐದು ಆಟಗಳವರೆಗೆ ಆ ಮಾಲೆ ಬೆಳೆಯಿತು; ಐದನೆಯದು ೨೦೦೯ರಲ್ಲಿ ಅಮೆರಿಕವನ್ನೂ ತಲುಪಿತು. ನೂರಾರು ಆಟಗಳಿಗೆ ಹೆಸರನ್ನು ಬಯಸದವರು ಒಂದಕ್ಕೆ ಸಹಭಾಗದ ಒಡೆತನವನ್ನು ಪಡೆದರು. ಹೆಸರನ್ನು ಮುಚ್ಚಿಡುವುದು ಬೇರೆ, ನಕ್ಷೆಯನ್ನು ಕೈಬಿಡುವುದು ಬೇರೆ ಎಂಬ ವಿವೇಕ ಅಲ್ಲಿ ಕಾಣುತ್ತದೆ. ನಕ್ಷೆ ಕೈಯಲ್ಲಿದ್ದವನು ಅನಾಮಿಕನಾಗಿದ್ದರೂ ನಾಳೆ ಮತ್ತೊಂದು ಮಗ್ಗವನ್ನು ಹೂಡಬಲ್ಲನು.

ಧ್ರುವದ ಕೊನೆಯ ಅಧ್ಯಾಯವನ್ನು ಈ ಬೆಳಕಿನಲ್ಲಿ ಓದಬೇಕು. ೨೦೧೬ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯು ಧ್ರುವದ ಶೇಕಡಾ ೯೦.೫ರಷ್ಟು ಪಾಲನ್ನು ೮೫ ಲಕ್ಷ ಡಾಲರುಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಎರಡು ವರ್ಷ ಕಳೆಯುವಷ್ಟರಲ್ಲಿ, ೨೦೧೮ರ ನವೆಂಬರಿನಲ್ಲಿ, ಆ ಸಂಸ್ಥೆ ಹೊರತಂದ ‘ವಾಕಿಂಗ್ ಡೆಡ್’ ಎಂಬ ನಡೆದಾಡುವ ಹೆಣಗಳ ಆಟ ನೆಲಕಚ್ಚಿತು. ಡಿಸೆಂಬರಿನಲ್ಲಿ ಸ್ಟಾರ್‌ಬ್ರೀಜ್ ಸ್ಟಾಕ್‌ಹೋಮಿನ ನ್ಯಾಯಾಲಯಕ್ಕೆ ಪುನರ್‌ವ್ಯವಸ್ಥೆಯ ಅರ್ಜಿಯನ್ನು ಹಾಕಬೇಕಾಯಿತು. ಸಾಲವನ್ನು ತೀರಿಸಲು ಮಾರಿದ ಆಸ್ತಿಗಳಲ್ಲಿ ಬೆಂಗಳೂರಿನ ಮನೆಯೂ ಒಂದು. ೨೦೧೯ರ ಮೇ ತಿಂಗಳಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ೭೯ ಲಕ್ಷ ಡಾಲರುಗಳಿಗೆ ಅದನ್ನು ಕೊಂಡು, ಬೆಂಗಳೂರಿನಲ್ಲಿ ಮೊದಲೇ ಇದ್ದ ತನ್ನ ಶಾಖೆಯಲ್ಲಿ ಸೇರಿಸಿಕೊಂಡಿತು. ಕುಶಲಿಗಳಿಗೆ ಅನ್ನದ ದಾರಿ ಉಳಿಯಿತು, ಬಹುಶಃ ಮೊದಲಿಗಿಂತ ದೊಡ್ಡ ಕೆಲಸವೂ ದೊರೆಯಿತು. ಇದನ್ನು ಹಗುರವಾಗಿ ಎಣಿಸಬಾರದು. ಆದರೆ ‘ಧ್ರುವ’ ಎಂಬ ಹೆಸರು ಅಲ್ಲಿಗೆ ಮುಗಿಯಿತು. ಚಲಿಸದ ನಕ್ಷತ್ರದ ಹೆಸರನ್ನು ಹೊತ್ತ ಸಂಸ್ಥೆ ಎಂದೂ ನೋಡದ ಊರಿನ ಒಂದು ಸೋತ ಆಟದ ಸಾಲಕ್ಕಾಗಿ ಕೈಬದಲಾಯಿತು.

ಸ್ವಂತ ನಕ್ಷೆಯ ದಾರಿ ಸುಲಭವಾಗಿತ್ತೆಂದು ಇದರಿಂದ ಭಾವಿಸಲಾಗದು. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಚಿಕ್ಕ ತಂಡ ‘ರಾಜಿ’ ಎಂಬ ಆಟವನ್ನು ಮಾಡಲು ಹೊರಟು ೨೦೧೭ರಲ್ಲಿ ಸಾರ್ವಜನಿಕರಿಂದ ಹಣವೆತ್ತಲು ನೋಡಿತು, ಗುರಿ ಮುಟ್ಟಲಿಲ್ಲ. ಸ್ಥಾಪಕರಲ್ಲೊಬ್ಬರು ತಮ್ಮ ಮನೆಯನ್ನೇ ಮಾರಿ ಕೆಲಸವನ್ನು ಮುಂದುವರಿಸಿದರು. ೨೦೨೦ರ ಆಗಸ್ಟಿನಲ್ಲಿ ಆಟ ಬಂದಿತು. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕುವ ದೊಂಬರ ಹುಡುಗಿಯ ಕಥೆ. ದುರ್ಗೆಯೂ ವಿಷ್ಣುವೂ ಮೇಲಿನಿಂದ ನೋಡುತ್ತ ಅದನ್ನು ನಿರೂಪಿಸುವರು. ನಡುವೆ ತೊಗಲುಗೊಂಬೆಯ ಆಟದಂತಹ ದೃಶ್ಯಗಳು. ರಾಜಸ್ಥಾನದ ಕೋಟೆಗಳ ಬೆಳಕು, ಪಹಾಡಿ ಚಿತ್ರಗಳ ಬಣ್ಣ. ದೋಷಗಳೂ ಉಂಟು. ಹೋರಾಟದ ದೃಶ್ಯಗಳಲ್ಲಿ ತಡವರಿಕೆಯಿದೆ. ಕಥೆ ಮುಗಿಯದೆ ನಿಂತುಬಿಡುತ್ತದೆ. ಕಡೆತದ ನುಣುಪಿನಲ್ಲಿ ಧ್ರುವದ ಒಂದು ಕಾರಿನ ಮುಂದೆ ‘ರಾಜಿ’ಯ ಎಷ್ಟೋ ಭಾಗಗಳು ನಿಲ್ಲಲಾರವು. ಹಾಗಿದ್ದರೂ ಅದನ್ನು ಒಂದು ಕೃತಿಯೆಂದು ಹಿಡಿದು, ಇಲ್ಲಿ ಗೆದ್ದಿತು ಇಲ್ಲಿ ಸೋತಿತು ಎಂದು ವಾದಿಸಲು ಸಾಧ್ಯವಾಗುತ್ತದೆ. ಧ್ರುವದ ವಿಷಯದಲ್ಲಿ ವಿಮರ್ಶೆಗೆ ಸಿಕ್ಕುವುದು ಬಿಡಿಬಿಡಿಯಾದ ಪ್ರಶಸ್ತಿ ಮಾತ್ರ.

ಆ ಬಿಡಿಗಳನ್ನು ಒಂದೆಡೆ ಕೂಡಿಸುವ ಕೆಲಸವನ್ನು ಕನ್ನ‌ಡದಲ್ಲಿ ಯಾರಾದರೂ ಕೈಗೊಳ್ಳಬೇಕು. ಪ್ರಾಚ್ಯವಸ್ತು ಇಲಾಖೆಯಲ್ಲಿದ್ದಾಗ ಆರ್. ನರಸಿಂಹಾಚಾರ್ಯರು ಹೊಯ್ಸಳ ಗುಡಿಗಳ ವಿಗ್ರಹಪೀಠಗಳಲ್ಲಿನ ಹೆಸರುಗಳನ್ನು ಒಂದೊಂದಾಗಿ ಓದಿ ದಾಖಲಿಸಿದ್ದರಿಂದಲೇ ಮಲ್ಲಿತಮ್ಮನೂ ದಾಸೋಜನೂ ಇಂದಿನವರಿಗೆ ಪರಿಚಿತರು. ವಿಡಿಯೋ ಆಟಗಳಿಗೂ ಪೀಠವೊಂದಿದೆ: ಆಟ ಮುಗಿದ ಮೇಲೆ ಪರದೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಹರಿಯುವ ನಾಮಾವಳಿ. ಗೆದ್ದವರು ಅದನ್ನು ನೋಡದೆ ಗುಂಡಿಯನ್ನು ಒತ್ತಿ ಮುಂದಕ್ಕೆ ಹೋಗುವರು. ‘ಫೋರ್ಜಾ’ ಮಾಲೆಯಿಂದ ಮೊದಲುಮಾಡಿ ೨೦೧೯ರವರೆಗಿನ ಈ ನಾಮಾವಳಿಗಳನ್ನು ಓದಿ, ಧ್ರುವದ ಹೆಸರಿನ ಕೆಳಗೆ ಎಲ್ಲೆಲ್ಲಿ ಯಾರ ಹೆಸರುಗಳಿವೆ, ಎಲ್ಲೆಲ್ಲಿ ಸಂಸ್ಥೆಯ ಹೆಸರೊಂದೇ ಇದೆ ಎಂದು ವರ್ಷಾನುಕ್ರಮದಲ್ಲಿ ಬರೆದಿಡಬೇಕು. ಅದಕ್ಕೆ ಬೆಂಗಳೂರಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ; ಆ ಆಟಗಳು ದೊರೆಯುವ ಯಾವ ಊರಿನಲ್ಲಿಯೂ, ಕಾಶಿಯಲ್ಲಿಯೂ, ಒಂದು ಬೇಸಿಗೆಯ ರಜದಲ್ಲಿ ಆಗಬಹುದಾದ ಕೆಲಸವದು.